ಉಸಿರಿಲ್ಲದ ಗುಂಡಿಗಳು: ಕಾಯಕದ ನೆಲೆಯಲ್ಲಿ ಪ್ರಾಣರಕ್ಷಣೆ

ಕಾಯದಿಂದ ನಡೆಯುವುದು ಕಾಯಕ. ಆದುದರಿಂದ ಕಾಯವನ್ನು ಕಾಯುವುದೂ ಕಾಯಕದ ಒಂದು ಅಂಗವೇ ಆಗಿದೆ. ಈ ಅಂಕಣದಲ್ಲಿ ಸಾಮಾನ್ಯವಾಗಿ ಆಹಾರ, ನಿದ್ರೆ, ದಿನಚರಿ, ಋತುಚರ್ಯೆಗಳನ್ನು ಕುರಿತು ಬರೆಯುವುದು ವಾಡಿಕೆ. ಆದರೆ ಪಥ್ಯದಿಂದ ಬದುಕಿ, ವ್ಯಸನಗಳಿಂದ ದೂರವಿದ್ದು, ಎಂಬತ್ತು ವರ್ಷ ಬಾಳಬೇಕಾದ ಗಟ್ಟಿ ಶರೀರವೊಂದು ದುಡಿಯುವ ಸ್ಥಳದಲ್ಲಿ ಎರಡು ನಿಮಿಷಗಳಲ್ಲಿ ಇಲ್ಲವಾಗುವುದಾದರೆ, ಅದನ್ನು ತಡೆಯುವ ಬಗೆಯೂ ಆರೋಗ್ಯವಿದ್ಯೆಯ ವಿಷಯವೇ. ಅಂಥ ಒಂದು ಅಪಘಾತದ ಬಗೆಯನ್ನು ಇಲ್ಲಿ ವಿವರಿಸಲು ಬಯಸುತ್ತೇನೆ. ಅದು ಮುಚ್ಚಿದ ಗುಂಡಿ, ತೊಟ್ಟಿ, ಬಾವಿಗಳೊಳಗೆ ಇಳಿದವರಿಗೆ ಒದಗುವ ಮರಣ.

2022ರ ಏಪ್ರಿಲ್ ತಿಂಗಳಲ್ಲಿ ಮಂಗಳೂರಿನ ಸಮೀಪದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಒಬ್ಬ ಕಾರ್ಮಿಕ ತ್ಯಾಜ್ಯದ ತೊಟ್ಟಿಯೊಳಗೆ ಬಿದ್ದನು. ಅವನನ್ನು ಎತ್ತಲೆಂದು ಜೊತೆಗಾರರು ಒಬ್ಬರ ಹಿಂದೆ ಒಬ್ಬರಂತೆ ಇಳಿದರು. ಒಟ್ಟು ಐವರು ಪ್ರಾಣ ಕಳೆದುಕೊಂಡರು. ಅವರೆಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಮೆಗೆಂದು ಬಂದವರು. ಮೊದಲನೆಯವನ ಬೀಳುವಿಕೆ ಒಂದು ಅವಘಡ. ಉಳಿದವರ ಸಾವಿಗೆ ಕಾರಣವಾದುದು ಅವರ ಕರುಣೆ ಮತ್ತು ಅವರಿಗೆ ಯಾರೂ ಹೇಳಿಕೊಡದಿದ್ದ ಒಂದು ತಿಳಿವಳಿಕೆ. ಆ ತಿಳಿವಳಿಕೆ ಇಷ್ಟೇ: ಗಾಳಿಯನ್ನು ಪರೀಕ್ಷಿಸದ ಗುಂಡಿಯೊಳಗೆ, ಯಾರನ್ನು ಉಳಿಸುವ ಸಲುವಾಗಿಯಾದರೂ, ಬರಿಗೈಯಲ್ಲಿ ಇಳಿಯಬಾರದು.

ಹಗೇವು ಕಲಿಸಿದ ಪಾಠ

ಈ ಅಪಾಯ ನಮ್ಮ ಹಿರಿಯರಿಗೆ ಅಪರಿಚಿತವಾಗಿರಲಿಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರುವರು. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ನಂದಿದರೆ ಇನ್ನೂ ಕಾಯಬೇಕೆಂದು ಅರ್ಥ. ಈ ನಿಯಮವನ್ನು ಮೀರಿ ಅವಸರಪಟ್ಟು ಇಳಿದವರು ಮೇಲೆ ಬಾರದೆ ಹೋದುದೂ ಉಂಟು. ಅದನ್ನು ಕೆಲವರು ಭೂತದ ಕಾಟವೆಂದು ಬಗೆದರು.

ಅಲ್ಲಿ ಭೂತವಿರಲಿಲ್ಲ. ಧಾನ್ಯವೂ ಜೀವವುಳ್ಳ ವಸ್ತು. ಅದು ಉಸಿರಾಡುತ್ತದೆ, ಅದಕ್ಕೆ ಅಂಟಿದ ಹುಳು, ಬೂಷ್ಟುಗಳೂ ಉಸಿರಾಡುತ್ತವೆ. ಮುಚ್ಚಿದ ಹಗೇವಿನಲ್ಲಿ ತಿಂಗಳುಗಟ್ಟಲೆ ನಡೆಯುವ ಈ ಉಸಿರಾಟದಿಂದ ಆಮ್ಲಜನಕ ಕ್ಷೀಣಿಸಿ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಜೋಳ ಹುಳು ಹಿಡಿಯದೆ ಉಳಿಯಲು ಇದೇ ಕಾರಣ. ಇಳಿದವನು ಉಳಿಯದಿರಲೂ ಇದೇ ಕಾರಣ.

ಇಂದು ಹಗೇವುಗಳು ವಿರಳವಾಗಿವೆ. ಆದರೆ ಅವುಗಳ ಸ್ಥಾನವನ್ನು ಬೇರೆ ಗುಂಡಿಗಳು ತುಂಬಿವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲಿ ಕಾಕಂಬಿಯ ತೊಟ್ಟಿಗಳಿವೆ. ಡಿಸ್ಟಿಲರಿಗಳಲ್ಲಿ ಹುದುಗು ಹಾಕುವ ಹಂಡೆಗಳೂ ತ್ಯಾಜ್ಯದ ಹೊಂಡಗಳೂ ಇವೆ. ಹೊಲದ ಮನೆಗಳಲ್ಲಿ ಗೋಬರ್ ಗ್ಯಾಸ್ ಗುಂಡಿ, ನಗರಗಳಲ್ಲಿ ಮಲದ ಗುಂಡಿ ಮತ್ತು ಒಳಚರಂಡಿ, ಎಲ್ಲೆಡೆ ಹಳೆಯ ಬಾವಿ ಹಾಗೂ ನೀರಿನ ತೊಟ್ಟಿಗಳಿವೆ. ಹೊರನೋಟಕ್ಕೆ ಇವು ಬೇರೆ ಬೇರೆ. ವೈದ್ಯನ ದೃಷ್ಟಿಯಲ್ಲಿ ಇವೆಲ್ಲವೂ ಒಂದೇ ಜಾತಿಯವು: ಬಾಯಿ ಕಿರಿದು, ಗಾಳಿಯ ಸಂಚಾರ ಕಡಿಮೆ, ಒಳಗೆ ಕೊಳೆಯುವ ಅಥವಾ ಹುದುಗುವ ಪದಾರ್ಥ.

ಗುಂಡಿಯೊಳಗೆ ನಡೆಯುವುದೇನು?

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಸುಮಾರು ಶೇ. 21. ಇದು ಶೇ. 19.5ಕ್ಕಿಂತ ಕೆಳಗಿಳಿದ ಸ್ಥಳಕ್ಕೆ ಉಸಿರಾಟದ ಉಪಕರಣವಿಲ್ಲದೆ ಹೋಗಬಾರದೆಂಬುದು ಸುರಕ್ಷಾ ಶಾಸ್ತ್ರದ ನಿಯಮ. ಶೇ. 16ರ ಸುಮಾರಿಗೆ ವಿವೇಚನೆ ಮಂಕಾಗುತ್ತದೆ, ಕೈಕಾಲುಗಳ ಹಿಡಿತ ತಪ್ಪುತ್ತದೆ. ಶೇ. 10ರಲ್ಲಿ ಪ್ರಜ್ಞೆ ಹೋಗುತ್ತದೆ. ಶೇ. 6ಕ್ಕಿಂತ ಕೆಳಗೆ ಕೆಲವೇ ಉಸಿರುಗಳಲ್ಲಿ ಮನುಷ್ಯ ಕುಸಿದು ಬೀಳುತ್ತಾನೆ, ನಿಮಿಷಗಳಲ್ಲಿ ಮರಣ. ಆಮ್ಲಜನಕ ಕಡಿಮೆಯಾಗಲು ಕೊಳೆತ ವಸ್ತುವೇ ಬೇಕೆಂದಿಲ್ಲ. ಬಹುಕಾಲ ಮುಚ್ಚಿಟ್ಟ ಕಬ್ಬಿಣದ ಖಾಲಿ ತೊಟ್ಟಿಯಲ್ಲಿ ತುಕ್ಕು ಹಿಡಿಯುವ ಕ್ರಿಯೆಯೇ ಆಮ್ಲಜನಕವನ್ನು ನುಂಗಿಬಿಡುತ್ತದೆ.

ಇದರ ಜೊತೆಗೆ ನಾಲ್ಕು ಅನಿಲಗಳನ್ನು ಮುಖ್ಯವಾಗಿ ತಿಳಿದಿರಬೇಕು.

ಮೊದಲನೆಯದು ಇಂಗಾಲದ ಡೈಆಕ್ಸೈಡ್. ಇದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ಆದುದರಿಂದ ಬಾವಿಯ, ಹಂಡೆಯ ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಹುದುಗು ಬಂದ ಕಾಕಂಬಿಯಿಂದಲೂ ಕೂಡಿಟ್ಟ ಧಾನ್ಯದಿಂದಲೂ ಇದು ಹೊಮ್ಮುತ್ತದೆ.

ಎರಡನೆಯದು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಮಲದ ಗುಂಡಿ, ಒಳಚರಂಡಿ, ಮೀನು ಮತ್ತು ಮಾಂಸದ ತ್ಯಾಜ್ಯ, ಡಿಸ್ಟಿಲರಿಯ ಕೊಳೆನೀರುಗಳಲ್ಲಿ ಹುಟ್ಟುತ್ತದೆ. ಇದು ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿಯನ್ನೇ ತಡೆಯುತ್ತದೆ. ಕೆಸರಿನಲ್ಲಿ ಅಡಗಿದ್ದು, ಕದಡಿದಾಗ ಒಮ್ಮೆಲೇ ಮೇಲೇಳುವುದು ಇದರ ಮತ್ತೊಂದು ಕ್ರೂರ ಗುಣ.

ಮೂರನೆಯದು ಮೀಥೇನ್. ಗೋಬರ್ ಗ್ಯಾಸಿನ ಹೆಚ್ಚಿನ ಭಾಗ ಇದೇ. ಗಾಳಿಯಲ್ಲಿ ಇದರ ಪ್ರಮಾಣ ಶೇ. 5ರಿಂದ 15ರೊಳಗೆ ಇದ್ದಾಗ ಒಂದು ಕಿಡಿ ಸಾಕು, ಸ್ಫೋಟಿಸುತ್ತದೆ.

ನಾಲ್ಕನೆಯದು ಇಂಗಾಲದ ಮಾನಾಕ್ಸೈಡ್. ನೀರು ಖಾಲಿ ಮಾಡಲೆಂದು ಬಾವಿಯೊಳಗೆ ಡೀಸೆಲ್ ಇಲ್ಲವೆ ಪೆಟ್ರೋಲ್ ಪಂಪು ಇಳಿಸಿ ನಡೆಸಿದಾಗ ಇದು ತುಂಬಿಕೊಳ್ಳುತ್ತದೆ. ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇಂದ್ರಿಯಗಳನ್ನು ನಂಬಲಾಗದು

"ಅಪಾಯವಿದ್ದರೆ ವಾಸನೆಯಿಂದ ತಿಳಿಯುತ್ತದೆ, ಉಸಿರು ಕಟ್ಟಿದರೆ ಮೇಲೆ ಬರುತ್ತೇನೆ" ಎಂದು ಇಳಿಯುವವರು ಹೇಳುವುದುಂಟು. ಈ ಎರಡು ನಂಬಿಕೆಗಳೂ ತಪ್ಪು.

ಉಸಿರು ಕಟ್ಟಿದ ಅನುಭವವು ಮುಖ್ಯವಾಗಿ ನಮ್ಮ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಉಂಟಾಗುತ್ತದೆ. ಆಮ್ಲಜನಕ ಕಡಿಮೆಯಾದಾಗ ಅಲ್ಲ. ಆಮ್ಲಜನಕವಷ್ಟೇ ಇಲ್ಲದ ತೊಟ್ಟಿಯಲ್ಲಿ ಮನುಷ್ಯನು ಎಂದಿನಂತೆ ಉಸಿರಾಡುತ್ತಲೇ ಇರುತ್ತಾನೆ. ಯಾವ ಸಂಕಟವೂ ತೋರದೆ, ಎಚ್ಚರಿಕೆಯೂ ದೊರೆಯದೆ, ನಿದ್ರೆಗೆ ಜಾರಿದಂತೆ ಬೀಳುತ್ತಾನೆ. ಮೇಲೆ ಬರಬೇಕೆಂಬ ಯೋಚನೆ ಹುಟ್ಟುವ ಮೊದಲೇ ಯೋಚಿಸುವ ಶಕ್ತಿ ಹೋಗಿರುತ್ತದೆ.

ವಾಸನೆಯ ವಿಷಯವೂ ಹಾಗೆಯೇ. ಹೈಡ್ರೋಜನ್ ಸಲ್ಫೈಡ್ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ತಿಳಿಯುತ್ತದೆ. ಆದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು ಸುಮಾರು 100 ಭಾಗಕ್ಕೆ ಏರಿದಾಗ ಕೆಲವೇ ನಿಮಿಷಗಳಲ್ಲಿ ಘ್ರಾಣಶಕ್ತಿ ಮರಗಟ್ಟುತ್ತದೆ. "ವಾಸನೆ ಹೋಯಿತು, ಇನ್ನು ಭಯವಿಲ್ಲ" ಎಂದು ಇಳಿದವನು ಅತ್ಯಂತ ಅಪಾಯದ ಕ್ಷಣದಲ್ಲಿ ಇಳಿದಿರುತ್ತಾನೆ. ಪ್ರಮಾಣ 500ರಿಂದ 1000ದ ನಡುವೆ ಏರಿದರೆ ಒಂದೆರಡು ಉಸಿರಿಗೇ ಕುಸಿತ.

ಆಯುರ್ವೇದದ ಆಚಾರ್ಯರು ಇಂಥ ಸ್ಥಿತಿಗಳನ್ನು ಸೂಕ್ಷ್ಮವಾಗಿ ಗಮನಿಸಿದ್ದರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯದಲ್ಲಿ ಹೊಗೆಯಿಂದ ಪೀಡಿತನಾದವನ, ಅಂದರೆ ಧೂಮೋಪಹತನ, ಲಕ್ಷಣಗಳನ್ನು ಹೇಳಲಾಗಿದೆ. ಶ್ವಾಸಕಷ್ಟ, ಕೆಮ್ಮು, ಕಣ್ಣುರಿಗಳ ಜೊತೆಗೆ, ಆತನು ಬೇರೆ ವಾಸನೆಗಳನ್ನು ಅರಿಯಲಾರನು, ರುಚಿ ಮತ್ತು ಶ್ರವಣಗಳೂ ಕೆಡುತ್ತವೆ, ಕೊನೆಗೆ ಮೂರ್ಛೆ ಹೋಗುತ್ತಾನೆ ಎಂಬ ಮಾತು ಅಲ್ಲಿದೆ. ಕೆಟ್ಟ ಗಾಳಿ ಮೊದಲು ನಮ್ಮ ಕಾವಲುಗಾರರಾದ ಇಂದ್ರಿಯಗಳನ್ನೇ ಸೋಲಿಸುತ್ತದೆ ಎಂಬುದನ್ನು ನಾವು ಈ ವಿವರಣೆಯಿಂದ ಗ್ರಹಿಸಬೇಕು.

ದೀಪ, ಹಕ್ಕಿ ಮತ್ತು ಮಾಪಕ

ಅದೇ ಸಂಹಿತೆಯ ಕಲ್ಪಸ್ಥಾನದಲ್ಲಿ ಗಾಳಿಯಲ್ಲಿ ವಿಷ ಬೆರೆತಾಗ ಹಕ್ಕಿಗಳು ಬಳಲಿ ನೆಲಕ್ಕೆ ಬೀಳುತ್ತವೆ ಎಂಬ ವಿವರಣೆ ಇದೆ. ಮನುಷ್ಯನಿಗಿಂತ ಮೊದಲು ಹಕ್ಕಿಗೆ ತಿಳಿಯುತ್ತದೆ ಎಂಬ ಈ ತಿಳಿವಳಿಕೆಯನ್ನೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟನ್ನಿನ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್ ಗಣಿಗಳಲ್ಲಿ ಬಳಕೆಗೆ ತರಲು ಸೂಚಿಸಿದರು. ಪಂಜರದಲ್ಲಿ ಕ್ಯಾನರಿ ಹಕ್ಕಿಯನ್ನು ಗಣಿಗೆ ಒಯ್ಯುವ ರೂಢಿ ಬಹುಕಾಲ ನಡೆದು, 1986ರ ನಂತರ ಅಲ್ಲಿ ವಿದ್ಯುನ್ಮಾನ ಮಾಪಕಗಳು ಆ ಸ್ಥಾನವನ್ನು ಪಡೆದವು.

ನಮ್ಮ ಹಿರಿಯರ ಕಂದೀಲಿನ ಪರೀಕ್ಷೆಯೂ ಇದೇ ಬಗೆಯ ಜಾಣ್ಮೆ. ಆಮ್ಲಜನಕ ಶೇ. 16ರ ಸುಮಾರಿಗೆ ಇಳಿದಾಗ ದೀಪ ನಂದುತ್ತದೆ. ಹಗೇವಿನ ಮಟ್ಟಿಗೆ ಅದು ಉಪಯುಕ್ತವಾಗಿತ್ತು. ಆದರೆ ಅದೇ ಪರೀಕ್ಷೆಯನ್ನು ಇಂದಿನ ಗುಂಡಿಗಳಿಗೆ ಅನ್ವಯಿಸಿದರೆ ಎರಡು ಬಗೆಯ ಅನಾಹುತಗಳಾಗುತ್ತವೆ. ಗೋಬರ್ ಗ್ಯಾಸ್ ಗುಂಡಿಗೋ ಒಳಚರಂಡಿಗೋ ದೀಪ ಇಳಿಸಿದರೆ ಮೀಥೇನ್ ಸ್ಫೋಟಿಸಬಹುದು. ಹುದುಗಿನ ಹಂಡೆಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 10ರಷ್ಟು ಬೆರೆತಿದ್ದರೂ ಆಮ್ಲಜನಕ ಇನ್ನೂ ಶೇ. 19ರ ಸುಮಾರಿಗೆ ಇರುವುದರಿಂದ ದೀಪ ಉರಿಯುತ್ತಲೇ ಇರಬಹುದು. ಮನುಷ್ಯ ಮಾತ್ರ ಪ್ರಜ್ಞೆ ತಪ್ಪುತ್ತಾನೆ. ಹೈಡ್ರೋಜನ್ ಸಲ್ಫೈಡನ್ನಂತೂ ದೀಪ ತೋರಿಸುವುದೇ ಇಲ್ಲ. ಹಿರಿಯರಿಂದ ನಾವು ಉಳಿಸಿಕೊಳ್ಳಬೇಕಾದುದು ದೀಪವನ್ನಲ್ಲ, ಪರೀಕ್ಷಿಸದೆ ಇಳಿಯದ ಅವರ ಸಂಯಮವನ್ನು. ಆಮ್ಲಜನಕ, ಉರಿಯುವ ಅನಿಲ, ಇಂಗಾಲದ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಈ ನಾಲ್ಕನ್ನೂ ಅಳೆಯುವ ಅಂಗೈಯಷ್ಟಗಲದ ಮಾಪಕಗಳು ಇಂದು ದೊರೆಯುತ್ತವೆ. ಹುದುಗು ನಡೆಯುವ ಕಡೆ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಮಾಪಕವೂ ಬೇಕು.

ಕರುಣೆ ಎಡವುವ ಸ್ಥಳ

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು 1986ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ಮುಚ್ಚಿದ ಸ್ಥಳಗಳಲ್ಲಿ ಸತ್ತವರಲ್ಲಿ ಶೇ. 60ಕ್ಕಿಂತ ಹೆಚ್ಚಿನವರು ಇನ್ನೊಬ್ಬರನ್ನು ಉಳಿಸಲು ಹೋದವರೆಂದು ತಿಳಿಸಿತ್ತು. ಮಗನಿಗಾಗಿ ತಂದೆ, ಅಣ್ಣನಿಗಾಗಿ ತಮ್ಮ, ಆಳಿಗಾಗಿ ಧಣಿ ಹೀಗೆ ಇಳಿಯುತ್ತಾರೆ. ಬಿದ್ದವನನ್ನು ಕಂಡೂ ಸುಮ್ಮನಿರಲು ಮನುಷ್ಯತ್ವ ಒಪ್ಪುವುದಿಲ್ಲ. ಆದರೆ ಮೊದಲನೆಯವನನ್ನು ಬೀಳಿಸಿದ ಗಾಳಿ ಎರಡನೆಯವನನ್ನೂ ಅಷ್ಟೇ ವೇಗದಲ್ಲಿ ಬೀಳಿಸುತ್ತದೆ. ಎರಡನೆಯವನು ಬಿದ್ದ ಮೇಲೆ ಮೊದಲನೆಯವನಿಗೆ ಹೊರಗಿನಿಂದ ಸಹಾಯ ತರುವವರೂ ಇಲ್ಲವಾಗುತ್ತಾರೆ.

ಆದುದರಿಂದ ಈ ಸಂದರ್ಭದಲ್ಲಿ ಕರುಣೆಯ ರೂಪವೇ ಬೇರೆ. ಇಳಿಯಲು ಹೊರಟವನ ತೋಳನ್ನು ಬಿಗಿಯಾಗಿ ಹಿಡಿದು ತಡೆಯುವವನೇ ಅಲ್ಲಿ ನಿಜವಾದ ಜೀವರಕ್ಷಕ.

ಇಳಿಯುವ ಮುನ್ನ ಪಾಲಿಸಬೇಕಾದ ಕ್ರಮ

1. ಇಳಿಯುವುದು ಅನಿವಾರ್ಯವೇ ಎಂದು ಮೊದಲು ಕೇಳಿಕೊಳ್ಳಬೇಕು. ಮಲದ ಗುಂಡಿಯನ್ನು ಹೀರುಯಂತ್ರದ ವಾಹನದಿಂದಲೂ ತೊಟ್ಟಿಯನ್ನು ಉದ್ದ ಕೋಲು, ನೀರಿನ ಒತ್ತಡಗಳಿಂದಲೂ ಹೊರಗಿನಿಂದಲೇ ಶುಚಿಗೊಳಿಸಬಹುದು. ಒಳಗೆ ಇಳಿಯದ ಉಪಾಯವೇ ಎಲ್ಲಕ್ಕಿಂತ ಉತ್ತಮ ಉಪಾಯ.

2. ಕಾರ್ಖಾನೆಯ ತೊಟ್ಟಿಯಾದರೆ ಅದಕ್ಕೆ ಸೇರುವ ಎಲ್ಲ ಕೊಳವೆಗಳನ್ನು ಮುಚ್ಚಿ, ಕಲಕುವ ಯಂತ್ರದ ವಿದ್ಯುತ್ತನ್ನು ಕಡಿದು, ಸ್ವಿಚ್ಚಿಗೆ ಬೀಗ ಹಾಕಬೇಕು. ಆ ಬೀಗದ ಕೈ ಇಳಿಯುವವನ ಬಳಿಯೇ ಇರಬೇಕು.

3. ಎಲ್ಲ ಬಾಯಿಗಳನ್ನೂ ತೆರೆದು, ಊದುಯಂತ್ರದ ಕೊಳವೆಯನ್ನು ತಳದವರೆಗೆ ಇಳಿಸಿ ಶುದ್ಧ ಗಾಳಿಯನ್ನು ತುಂಬಬೇಕು. ಆ ಯಂತ್ರ ಗಾಳಿಯನ್ನು ಎಳೆದುಕೊಳ್ಳುವ ಕಡೆ ಜನರೇಟರಿನ ಹೊಗೆ ಇರಬಾರದು. ಆಮ್ಲಜನಕದ ಸಿಲಿಂಡರನ್ನು ಎಂದಿಗೂ ಒಳಗೆ ಬಿಡಬಾರದು. ಅದರಿಂದ ಬಟ್ಟೆಯೂ ಭುಗಿಲೆಂದು ಹೊತ್ತಿಕೊಳ್ಳುತ್ತದೆ.

4. ಮಾಪಕವನ್ನು ಹಗ್ಗಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಹೀಗೆ ಮೂರು ಮಟ್ಟಗಳಲ್ಲಿ ಪರೀಕ್ಷಿಸಬೇಕು. ಹಗುರ ಅನಿಲ ಮೇಲಿರುತ್ತದೆ, ಭಾರದ ಅನಿಲ ತಳದಲ್ಲಿರುತ್ತದೆ. ಕೆಸರು ಕದಡಿದಂತೆ ಗಾಳಿ ಬದಲಾಗುವುದರಿಂದ ಕೆಲಸ ಮುಗಿಯುವವರೆಗೂ ಮಾಪಕವೂ ಊದುಯಂತ್ರವೂ ನಡೆಯುತ್ತಿರಬೇಕು.

5. ಇಳಿಯುವವನು ಎದೆ, ಭುಜ, ತೊಡೆಗಳನ್ನು ಬಳಸುವ ಸುರಕ್ಷಾ ಪಟ್ಟಿಯನ್ನು ತೊಟ್ಟು, ಅದಕ್ಕೆ ಹಗ್ಗ ಕಟ್ಟಿಕೊಂಡಿರಬೇಕು. ಗುಂಡಿಯ ಮೇಲೆ ಮುಕ್ಕಾಲಿ ಮತ್ತು ರಾಟೆ ಇದ್ದರೆ ಪ್ರಜ್ಞೆ ತಪ್ಪಿದವನನ್ನೂ ಯಾರೂ ಇಳಿಯದೆ ಮೇಲೆಳೆಯಬಹುದು.

6. ಹೊರಗೆ ಒಬ್ಬನು ಬೇರೆ ಯಾವ ಕೆಲಸವನ್ನೂ ಮಾಡದೆ ಕಾವಲಿರಬೇಕು. ಒಳಗಿನವನೊಡನೆ ಎಡೆಬಿಡದೆ ಮಾತನಾಡುತ್ತಿರುವುದು ಅವನ ಕರ್ತವ್ಯ. ಏನೇ ಆದರೂ ಅವನು ಇಳಿಯತಕ್ಕದ್ದಲ್ಲ.

7. ಮೂಗಿಗೆ ಒದ್ದೆ ಬಟ್ಟೆ, ಟವೆಲು, ಧೂಳಿನ ಮಾಸ್ಕು ಕಟ್ಟಿಕೊಳ್ಳುವುದರಿಂದ ಯಾವ ಪ್ರಯೋಜನವೂ ಇಲ್ಲ. ಬಟ್ಟೆ ಆಮ್ಲಜನಕವನ್ನು ಉಂಟುಮಾಡಲಾರದು. ಮದ್ಯ ಸೇವಿಸಿ ಇಳಿಯುವ ರೂಢಿಯಂತೂ ಮರಣಕ್ಕೆ ನೀಡುವ ಆಹ್ವಾನ.

ಅವಘಡ ಒದಗಿದಾಗ

ಕೂಗಿ ಜನರನ್ನು ಸೇರಿಸಿ, ಆದರೆ ಯಾರನ್ನೂ ಇಳಿಯಗೊಡಬೇಡಿ. ತಕ್ಷಣ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನೂ 108ಕ್ಕೆ ಕರೆ ಮಾಡಿ ಆಂಬುಲೆನ್ಸನ್ನೂ ಕರೆಸಿ. ಗುಂಡಿಯಲ್ಲಿ ಬಿದ್ದವರಿದ್ದಾರೆ, ವಿಷಾನಿಲವಿರಬಹುದು ಎಂದು ಸ್ಪಷ್ಟವಾಗಿ ಹೇಳಿ. ಸಹಾಯ ಬರುವವರೆಗೆ ಹೊರಗಿನಿಂದಲೇ ಗಾಳಿ ಊದಿ. ಬಿದ್ದವನಿಗೆ ಹಗ್ಗ ಕಟ್ಟಿದ್ದರೆ ಮೇಲೆಳೆಯಿರಿ. ಬೆಂಕಿ, ಬೀಡಿ, ದೀಪಗಳನ್ನು ದೂರವಿಡಿ.

ಮೇಲೆ ತಂದ ವ್ಯಕ್ತಿಯನ್ನು ಗುಂಡಿಯಿಂದ ದೂರ, ಬಯಲು ಗಾಳಿಗೆ ಒಯ್ಯಿರಿ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಎದೆ 5ರಿಂದ 6 ಸೆಂಟಿಮೀಟರ್ ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರಬೇಕು. ವಿಷಾನಿಲದ ಸಂಶಯವಿದ್ದಾಗ ಬಾಯಿಗೆ ಬಾಯಿಟ್ಟು ಉಸಿರೂದುವುದು ಊದುವವನಿಗೂ ಅಪಾಯ. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ.

ಆಯುರ್ವೇದ ವೈದ್ಯನಾಗಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಈ ಘಳಿಗೆಗೆ ಯಾವ ಕಷಾಯವೂ ಭಸ್ಮವೂ ನಸ್ಯವೂ ಇಲ್ಲ. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು, ಮಜ್ಜಿಗೆ, ಔಷಧಿ ಏನನ್ನೂ ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಈರುಳ್ಳಿ ಮೂಸಿಸುತ್ತ ಕಾಲ ಕಳೆಯಬಾರದು. ಆಮ್ಲಜನಕ ದೊರೆಯದ ಮಿದುಳಿಗೆ ನಾಲ್ಕೈದು ನಿಮಿಷಗಳಲ್ಲೇ ಮರಳಿ ಸರಿಪಡಿಸಲಾಗದ ಹಾನಿ ತಟ್ಟುತ್ತದೆ. ಆಮ್ಲಜನಕ ನೀಡುವ ವ್ಯವಸ್ಥೆಯುಳ್ಳ ಆಸ್ಪತ್ರೆಗೆ ಒಯ್ಯುವುದೇ ಚಿಕಿತ್ಸೆ. ಎಚ್ಚರಗೊಂಡು "ಈಗ ಆರಾಮಾಗಿದ್ದೇನೆ" ಎಂದವನನ್ನೂ ಆಸ್ಪತ್ರೆಗೆ ಕಳುಹಿಸಬೇಕು. ವಿಷಾನಿಲ ಸೇವಿಸಿದವನ ಶ್ವಾಸಕೋಶದಲ್ಲಿ ಕೆಲವು ಗಂಟೆಗಳ ಬಳಿಕ ನೀರು ತುಂಬಿಕೊಳ್ಳುವುದುಂಟು. ದೇಹಬಲ, ಅಗ್ನಿಬಲಗಳನ್ನು ಮರಳಿ ಕಟ್ಟುವ ಕಾಲದಲ್ಲಿ ನಮ್ಮ ಶಾಸ್ತ್ರಕ್ಕೆ ತನ್ನ ಸ್ಥಾನವಿದೆ. ಅದು ನಂತರದ ಮಾತು.

ಕಾನೂನು ಮತ್ತು ಧಣಿಯ ಹೊಣೆ

ಮುಚ್ಚಿದ ಸ್ಥಳಗಳ ಅಪಾಯವನ್ನು ನಮ್ಮ ದೇಶದ ಕಾನೂನು ಬಹಳ ಹಿಂದೆಯೇ ಗುರುತಿಸಿದೆ. 1948ರ ಕಾರ್ಖಾನೆಗಳ ಅಧಿನಿಯಮದ 36ನೆಯ ಪ್ರಕರಣವು, ಅಪಾಯಕರ ಅನಿಲವಿರಬಹುದಾದ ತೊಟ್ಟಿಗೆ ಯಾರೇ ಇಳಿಯುವ ಮುನ್ನ ಅನಿಲವನ್ನು ಹೊರಹಾಕುವ ಎಲ್ಲ ಕ್ರಮಗಳನ್ನೂ ಕೈಗೊಳ್ಳಬೇಕೆಂದು ವಿಧಿಸಿತು. ಜೊತೆಗೆ, ಅರ್ಹ ವ್ಯಕ್ತಿಯು ಸ್ವತಃ ಪರೀಕ್ಷಿಸಿ ಬರೆದುಕೊಟ್ಟ ಪ್ರಮಾಣಪತ್ರ ಇರಬೇಕೆಂದು ಅದು ಹೇಳಿತ್ತು. ಇಲ್ಲವೆ ಇಳಿಯುವವನು ಉಸಿರಾಟದ ಉಪಕರಣ ಧರಿಸಿ, ಹಗ್ಗದ ಇನ್ನೊಂದು ತುದಿಯನ್ನು ಹೊರಗಿನವರು ಹಿಡಿದಿರಬೇಕಿತ್ತು. 2013ರ ಕಾಯಿದೆಯು ಒಳಚರಂಡಿ ಮತ್ತು ಮಲದ ಗುಂಡಿಗಳನ್ನು ಮನುಷ್ಯರಿಂದ ಅಪಾಯಕರವಾಗಿ ಶುಚಿಗೊಳಿಸುವುದನ್ನು ನಿಷೇಧಿಸಿದೆ. ಒಳಚರಂಡಿಯಲ್ಲಿ ಮಡಿದವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಆದೇಶಿಸಿತ್ತು; 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಪರಿಹಾರ ಸಾವಿನ ನಂತರದ ಮಾತು. ಮಾಪಕ, ಊದುಯಂತ್ರ, ಮುಕ್ಕಾಲಿ, ಸುರಕ್ಷಾ ಪಟ್ಟಿ ಇವೆಲ್ಲವುಗಳ ಒಟ್ಟು ಬೆಲೆ ಆ ಪರಿಹಾರದ ಹತ್ತಿರಕ್ಕೂ ಬಾರದು. ಆದರೂ ಗುತ್ತಿಗೆದಾರನ ಆಳೆಂದು, ದಿನಗೂಲಿಯವನೆಂದು, ಹೊರರಾಜ್ಯದವನೆಂದು ಈ ವೆಚ್ಚವನ್ನು ಉಳಿಸುವ ಮನೋಭಾವ ಉಳಿದುಕೊಂಡಿದೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಾರಿದ ಪರಂಪರೆಗೆ ಸೇರಿದವರು ನಾವು. ಗುಂಡಿಗಿಳಿಯುವವನ ಉಸಿರಿಗೂ ಕಚೇರಿಯಲ್ಲಿ ಕುಳಿತವನ ಉಸಿರಿಗೂ ಒಂದೇ ಬೆಲೆ ಎಂಬುದು ಆ ತತ್ವದ ಮೊದಲ ಅರ್ಥ.

ಸದ್ಭಕ್ತರಲ್ಲಿ ವಿನಂತಿ

ಈ ಪತ್ರಿಕೆಯ ಓದುಗರಲ್ಲಿ ಕಾರ್ಖಾನೆ ನಡೆಸುವವರಿದ್ದಾರೆ, ಗುತ್ತಿಗೆದಾರರಿದ್ದಾರೆ, ರೈತರಿದ್ದಾರೆ, ಕಾರ್ಮಿಕರಿದ್ದಾರೆ. ನಿಮ್ಮ ಮನೆ, ಹೊಲ, ಕಾರ್ಖಾನೆಗಳಲ್ಲಿ ಇಂಥ ಗುಂಡಿಗಳೆಷ್ಟಿವೆ ಎಂದು ಒಮ್ಮೆ ಎಣಿಸಿ ನೋಡಿ. ಪ್ರತಿಯೊಂದಕ್ಕೂ ಭದ್ರವಾದ ಮುಚ್ಚಳವನ್ನೂ, ಪರೀಕ್ಷಿಸದೆ ಇಳಿಯಬಾರದೆಂಬ ಫಲಕವನ್ನೂ ಹಾಕಿಸಿ. ಓದು ಬಾರದವರಿಗೆ ಬಾಯಿಮಾತಿನಲ್ಲಿ ತಿಳಿಸಿ. ಬೇರೆ ಭಾಷೆಯವರಿಗೆ ಅವರ ಭಾಷೆಯಲ್ಲಿ ಬರೆಯಿಸಿ. ಜಾತ್ರೆ, ಮದುವೆಗಳಿಗೆ ಮುಂಚೆ ಅವಸರದಲ್ಲಿ ತೊಟ್ಟಿ, ಗುಂಡಿಗಳನ್ನು ಶುಚಿಗೊಳಿಸುವಾಗ ವಿಶೇಷ ಎಚ್ಚರವಿರಲಿ. ಊರಿನ ಸಂಘ ಸಂಸ್ಥೆಗಳು ಸೇರಿ ಒಂದು ಮಾಪಕವನ್ನೂ ಒಂದು ಊದುಯಂತ್ರವನ್ನೂ ಕೊಂಡು ಎಲ್ಲರ ಬಳಕೆಗೆ ಇರಿಸಿದರೆ ಅದೂ ದಾಸೋಹವೇ.

ಕಾರ್ಮಿಕ ಬಂಧುಗಳಿಗೆ ಒಂದು ಮಾತು: ಹಗ್ಗವಿಲ್ಲ, ಪರೀಕ್ಷೆಯಾಗಿಲ್ಲ ಎಂದಾಗ "ಇಳಿಯುವುದಿಲ್ಲ" ಎನ್ನುವುದು ಅವಿಧೇಯತೆಯಲ್ಲ, ಹೇಡಿತನವೂ ಅಲ್ಲ. ಹಗ್ಗ ಹೊಸೆಯುವುದನ್ನೇ ಕಾಯಕವಾಗಿ ಸ್ವೀಕರಿಸಿದ ನುಲಿಯ ಚಂದಯ್ಯನವರಂಥ ಶರಣರು ಬಾಳಿದ ನಾಡಿನಲ್ಲಿ, ಗುಂಡಿಗಿಳಿಯುವವನ ಎದೆಗೆ ಒಂದು ಹಗ್ಗವಿಲ್ಲವೆಂದರೆ ಅದು ಧಣಿಯಾದವರು ನಾಚಬೇಕಾದ ಸಂಗತಿ. ಆ ಹಗ್ಗ ಕಟ್ಟಿದ ಮೇಲೆಯೇ ಕೆಲಸ ಆರಂಭವಾಗಲಿ.